ತಪ್ಪೊಪ್ಪಿದವರ ಊಟ

ಎಳೆ ಮತ್ತೆ ತುಂಡಾಯಿತು. ರುಯಿಚಿ ರಾಟೆಯ ಹಿಡಿ ಬಿಟ್ಟು, ಕದಿರಿನ ತುದಿಯಲ್ಲಿ ಜೋತಾಡುತ್ತಿದ್ದ ನೂಲಿಗೆ ಹತ್ತಿಯ ಹಂಜಿಯನ್ನು ತಾಗಿಸಿ ಹೊಸೆಯಲು ನೋಡಿದ. ಕೂಡಿಕೊಳ್ಳಲಿಲ್ಲ. ಗುಹೆಮನೆಗಳ ಮುಂದಿನ ಅಂಗಳದಲ್ಲಿ ನೂಲಿನ ತಂಡದವರೆಲ್ಲ ಬಿಸಿಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ರಾಟೆಗಳ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಯಾರೂ ಅವನತ್ತ ನೋಡುತ್ತಿರಲಿಲ್ಲ. ನೋಡದೆ ಇರುವುದರಲ್ಲೂ ಬಗೆಗಳಿವೆ ಎಂಬುದು ಅವನಿಗೆ ಈಚೆಗೆ ತಿಳಿದಿತ್ತು. ಅವನ ಮೇಲೆ ಅನುಮಾನವಿದ್ದಾಗ ಜನ ಅಂಟುರೋಗದವನನ್ನು ಕಂಡಂತೆ ಮುಖ ತಿರುಗಿಸುತ್ತಿದ್ದರು. ತಪ್ಪೊಪ್ಪಿಕೊಂಡ ಮೇಲೆ ತಿರುಗಿಸುವುದಿಲ್ಲ, ಕಣ್ಣನ್ನು ಅವನ ಮುಖದಿಂದ ಒಂದು ಗೇಣು ಕೆಳಕ್ಕೆ ಇಳಿಸುತ್ತಾರೆ. ಅಲ್ಲಿ, ಎದೆಯ ಎಡಕ್ಕೆ, ಕೆಂಪು ಕಾಗದದ ಹೂವಿದೆ. ಮದುಮಗನಿಗೆ, ಯುದ್ಧದಲ್ಲಿ ಗೆದ್ದು ಬಂದವನಿಗೆ, ಎಲ್ಲರಿಗಿಂತ ಹೆಚ್ಚು ನೂಲು ತೆಗೆದವಳಿಗೆ ಸಿಕ್ಕಿಸುವ ಹೂವು. ತಾನು ಶತ್ರುಪಕ್ಷವಾದ ಕುವೊಮಿಂಟಾಂಗಿನ ಗೂಢಚಾರನೆಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡವರಿಗೂ ಈ ಬೇಸಿಗೆಯಿಂದ ಅದನ್ನೇ ಸಿಕ್ಕಿಸುತ್ತಿದ್ದರು. ಕಮ್ಯುನಿಸ್ಟ್ ಪಕ್ಷದ ಮುಂದೆ ಮನಸ್ಸು ತೊಳೆದುಕೊಂಡವನು ಹೊಸದಾಗಿ ಹುಟ್ಟಿದವನು; ಅವನಿಗೆ ಹೂವು, ಚಪ್ಪಾಳೆ, ಆಮೇಲೆ ಸಣ್ಣ ಅಡುಗೆಮನೆಯಲ್ಲಿ ಗೋಧಿ ಶಾವಿಗೆ. ತೊಳೆದುಕೊಳ್ಳಲು ಕೊಳೆಯೇ ಇಲ್ಲದವನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ರುಯಿಚಿ ಕೊಳೆಯನ್ನು ತಾನೇ ತಯಾರಿಸಿಕೊಂಡಿದ್ದ.

ಗೂಢಚಾರರಿಗೆ ಗೋಧಿ, ನಿಯತ್ತಿನವರಿಗೆ ನವಣೆ ಎಂದು ಅಡುಗೆಯ ತಿಯಾನ್ ಮುದುಕ ಗೊಣಗಿದ್ದು ಯೆನಾನಿನ ಈ ಕಣಿವೆಯಲ್ಲೆಲ್ಲ ಹಬ್ಬಿತ್ತು. ಅವನು ಇದೇ ಊರಿನ ರೈತ, ಪಕ್ಷ ಇಲ್ಲಿಗೆ ಬಂದ ದಿನದಿಂದಲೂ ಪಕ್ಷದವನು, ಅಕ್ಷರ ಬಾರದವನು. ಅವನ ಮನಸ್ಸನ್ನು ತೊಳೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಾನೂ ಒಂದು ದಿನ ಜಪಾನಿನವರ ಕಡೆಯವನೆಂದು ಒಪ್ಪಿಕೊಂಡುಬಿಡುತ್ತೇನೆ, ಹೊಟ್ಟೆ ತುಂಬ ಶಾವಿಗೆ ತಿಂದು ಎಷ್ಟು ಕಾಲವಾಯಿತು ಎಂದು ರುಯಿಚಿಯ ಬಟ್ಟಲಿಗೆ ಬಡಿಸುತ್ತಲೇ ಹೇಳಿದ್ದ. ರುಯಿಚಿ ನಗಲಿಲ್ಲ, ಅಳಲೂ ಇಲ್ಲ. ಬಟ್ಟಲಿಗೆ ಮುಖ ಹುದುಗಿಸಿ ಸೊರಸೊರನೆ ತಿಂದು ಮುಗಿಸಿ, ಮತ್ತೊಂದು ಬಟ್ಟಲು ಕೇಳಿದ್ದ. ಸುಳ್ಳು ಹೇಳಿದ್ದಕ್ಕೆ ಹೆದರಿಕೆಯೆಂಬ ನೆಪವಾದರೂ ಇತ್ತು. ಆ ಎರಡನೆಯ ಬಟ್ಟಲಿಗೆ ಯಾವ ನೆಪವೂ ಇರಲಿಲ್ಲ. ರಾಟೆಯ ಮುಂದೆ ಕೂತಾಗೆಲ್ಲ ಅದು ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಮೊದಮೊದಲು ಅವನಿಗೂ ಮನಸ್ಸು ತೊಳೆಯುವ ಈ ಕೆಲಸ ಹಿಡಿಸಿತ್ತು. ವಸಂತದಲ್ಲಿ ಪಕ್ಷದ ಈ ಶಾಲೆಯಲ್ಲಿ ಬರೀ ಓದು, ಚರ್ಚೆ, ತನ್ನ ದೋಷಗಳನ್ನು ತಾನೇ ಹುಡುಕುವುದು. ಸುಝೌನ ರೇಷ್ಮೆ ಅಂಗಡಿಯವನ ಮಗ. ಹುಡುಕಿದರೆ ದೋಷಗಳಿಗೇನು ಬರ. ತನಗೆ ಹಳ್ಳಿಯವರ ಬೆವರಿನ ವಾಸನೆ ಆಗದೆಂದು ಹೇಳಿಕೊಂಡು ಅತ್ತಾಗ ಹಗುರವೆನಿಸಿತ್ತು, ಹಾಗೆ ಹೇಳಿಕೊಂಡದ್ದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಮರುದಿನ ಆ ಹೆಮ್ಮೆಯನ್ನೂ ಹೇಳಿಕೊಂಡಿದ್ದ. ಆದರೆ ಬೇಸಿಗೆ ಹತ್ತಿರವಾದಂತೆ ದೋಷಗಳು ಸಾಲದಾದವು. ಮುಳುಗುತ್ತಿರುವವರನ್ನು ಪಾರುಗಾಣಿಸಬೇಕು ಎಂಬ ಮಾತು ಮೇಲಿನಿಂದ ಬಂತು. ಪಾರುಗಾಣಿಸಬೇಕಾದರೆ ಯಾರಾದರೂ ಮುಳುಗುತ್ತಿರಲೇಬೇಕಲ್ಲ. ಶಾಲೆಯ ತನಿಖೆಯ ಹೊಣೆ ಹೊತ್ತ ಕಾಮ್ರೇಡ್ ಡುವಾನ್ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಶತ್ರುಗಳ ಅಷ್ಟು ಕಾವಲುಕಟ್ಟೆಗಳನ್ನು ದಾಟಿ ನೀನು ಹೇಗೆ ಬಂದೆ, ಯಾರೂ ಯಾಕೆ ತಡೆಯಲಿಲ್ಲ? ಮಳೆ ಬರುತ್ತಿತ್ತು, ಕಾವಲಿನವರು ಒಳಗೆ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು, ಅದೃಷ್ಟ ಎಂದ ರುಯಿಚಿ. ಅದೃಷ್ಟವೆಂಬುದು ಭೌತವಾದಿ ಕೊಡುವ ಉತ್ತರವಲ್ಲ ಎಂದ ಡುವಾನ್. ಡುವಾನ್ ಕೆಟ್ಟವನಲ್ಲ. ಕೆಮ್ಮುತ್ತಲೇ ಎಲ್ಲರ ಜೊತೆ ನವಣೆ ಗಂಜಿ ಕುಡಿಯುತ್ತಿದ್ದ, ತಂದೆಯ ಹಾಗೆ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ. ಆ ಕೈಯ ಭಾರಕ್ಕೇ ರುಯಿಚಿ ಕುಸಿದನೋ ಏನೋ. ನಿದ್ದೆಯಿಲ್ಲ, ಒಬ್ಬರಾದ ಮೇಲೊಬ್ಬರು ಬಂದು ಬೇಡಿಕೊಳ್ಳುತ್ತಾರೆ, ಕೂಗಾಡುತ್ತಾರೆ, ಮತ್ತೆ ಬೇಡಿಕೊಳ್ಳುತ್ತಾರೆ. ಕೊನೆಗೆ ತಾನು ಗೂಢಚಾರನೆಂದು ಒಪ್ಪಿಕೊಂಡ. ಅಲ್ಲಿಗೆ ಮುಗಿಯಿತೆಂದುಕೊಂಡ. ಹಾಗಾದರೆ ನಿನ್ನನ್ನು ಸೇರಿಸಿದವರು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಇದೆಯೆಂಬುದು ಹೊಳೆದಿರಲಿಲ್ಲ. ಬದುಕಿದ್ದವರ ಹೆಸರುಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಕೆಳಗಿಟ್ಟ. ಆಗ ದಾರಿಯ ಜೊತೆಗಾರ ಪೆಯಿ ಶೌಲಿ ನೆನಪಾದ. ಶೌಲಿ ಸತ್ತುಹೋಗಿದ್ದ. ಸತ್ತವನನ್ನು ಯಾರು ಏನು ಮಾಡಿಯಾರು? ಎಂಥ ಬುದ್ಧಿವಂತ ನಮ್ಮ ರುಯಿಚಿ. ಆ ಹೆಸರು ಹೇಳುವಾಗ ಅವನಿಗೆ, ನಾಚಿಕೆಯ ಮಾತು, ಒಂದು ಜಾಣತನದ ಖುಷಿಯೂ ಆಗಿತ್ತು.

ಎಳೆ ಹೇಗೋ ಕೂಡಿಕೊಂಡಿತು. ಶೌಲಿಯ ಕೊನೆಯ ರಾತ್ರಿ ನೆನಪಿಗೆ ಬಂತು: ಹೇಸರಗತ್ತೆಗಳ ಕೊಟ್ಟಿಗೆ, ಒದ್ದೆ ಹುಲ್ಲಿನ ವಾಸನೆ. ಇಬ್ಬರೂ ಶೀಯಾನಿನಿಂದ ಜೊತೆಯಾಗಿ ನಡೆದುಬಂದಿದ್ದರು. ಇನ್ನೊಂದು ದಿನ ನಡೆದರೆ ಯೆನಾನಿನ ಗೋಪುರದ ಗುಡ್ಡ ಕಾಣಬೇಕು ಅನ್ನುವಾಗ ಶೌಲಿಗೆ ಜ್ವರ ಏರಿತ್ತು. ಜ್ವರದಲ್ಲೂ ಸುಮ್ಮನಿರುವವನಲ್ಲ. ಅಲ್ಲಿ ಏನು ಕೆಲಸ ಬರುತ್ತದೆಂದು ಕೇಳಿದರೆ ಅಕ್ಷರ ದುಂಡಾಗಿದೆ ಅನ್ನುತ್ತೇನೆ, ಮಣ್ಣು ಹೊರಲು ಹಾಕಿದರೆ ಬೆನ್ನೂ ಗಟ್ಟಿಯಾಗಿದೆ ಅನ್ನುತ್ತೇನೆ ಎಂದು ನಗುತ್ತಿದ್ದ. ಬೆಳಗಿನ ಹೊತ್ತಿಗೆ ಮಾತು ತೊದಲಿತು. ನೀನು ಅಲ್ಲಿಗೆ ಹೋದಾಗ ನನ್ನ ಹೆಸರನ್ನೂ ಹೇಳು, ಹೆಚ್ಚುಕಡಿಮೆ ಕೊನೆಯವರೆಗೂ ಬಂದಿದ್ದ ಅನ್ನು, ಎಂದಿದ್ದ. ರುಯಿಚಿ ಇಲ್ಲಿಗೆ ಬಂದಾಗ ಹೇಳಲಿಲ್ಲ. ಜ್ವರದವರ ಜೊತೆ ಬಂದವರನ್ನು ಬೇರೆ ಇಡುತ್ತಾರೆಂದು ಯಾರೋ ಹೇಳಿದ್ದರಿಂದ ಒಬ್ಬನೇ ಬಂದೆನೆಂದ. ಆಮೇಲೆ ಹೇಳಲು ಸಂದರ್ಭ ಬರಲಿಲ್ಲ, ಆಮೇಲೆ ಮರೆತ. ಕೊನೆಗೂ ಅವನ ಹೆಸರನ್ನು ಪಕ್ಷದ ಮುಂದೆ ಹೇಳಿದ್ದು ಈ ತಿಂಗಳು, ಹೀಗೆ.

ಅವನು ತಪ್ಪೊಪ್ಪಿಕೊಂಡ ದಿನ ಸಭೆಯ ಮೂರನೆಯ ಸಾಲಿನಲ್ಲಿ ವಾನ್ಯಿ ಕೂತಿದ್ದಳು. ಅವನದೇ ನೂಲಿನ ತಂಡದವಳು, ಚುರುಕಿನ ಹುಡುಗಿ. ಹಂಜಿಯನ್ನು ಎಷ್ಟು ಸಡಿಲ ಹಿಡಿಯಬೇಕೆಂದು ಅವನಿಗೆ ಕಲಿಸಿದ್ದೇ ಅವಳು. ವರ್ಷವಿಡೀ ಪಕ್ಕಪಕ್ಕದಲ್ಲಿ ಕೂತು ನೂತಿದ್ದರು, ಒಬ್ಬರ ಊರು ಮನೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಲ್ಲಿಗೆ ಬರುವವರೆಲ್ಲ ಹಳೆಯ ಹೆಸರನ್ನು ಬಿಟ್ಟು ಹೊಸದನ್ನಿಟ್ಟುಕೊಳ್ಳುತ್ತಾರೆ. ಶತ್ರುಗಳ ಊರಲ್ಲಿ ಉಳಿದ ಅಪ್ಪ ಅಮ್ಮನಿಗೆ ತೊಂದರೆಯಾಗಬಾರದಲ್ಲ. ಒಬ್ಬರ ಹಳೆಯ ಹೆಸರನ್ನು ಇನ್ನೊಬ್ಬರು ಕೇಳುವುದಿಲ್ಲ, ಅದು ಮರ್ಯಾದೆ. ರುಯಿಚಿ ಎಂಬುದೂ ಇಲ್ಲಿಗೆ ಬಂದ ಮೇಲೆ ಇಟ್ಟುಕೊಂಡ ಹೆಸರೇ. ಶೌಲಿಗೆ ತಂಗಿಯೊಬ್ಬಳಿದ್ದಾಳೆಂದು ಗೊತ್ತಿತ್ತು. ಅವಳು ದೂರದ ಸಿಚುವಾನಿನಲ್ಲಿ ಓದುತ್ತಿದ್ದಾಳೆ ಎಂದುಕೊಂಡಿದ್ದ. ಶೌಲಿಯ ಹೆಸರು ಅವನ ಬಾಯಿಂದ ಬಿದ್ದಾಗ ವಾನ್ಯಿ ಕೂಗಲಿಲ್ಲ, ಅಲುಗಾಡಲಿಲ್ಲ. ಎಲ್ಲರೂ ತಟ್ಟಿದಾಗ ತಾನೂ ಚಪ್ಪಾಳೆ ತಟ್ಟಿದಳು. ಮರುದಿನ ತಂಡದ ಸಭೆಯಲ್ಲಿ ತಾನಾಗಿ ಎದ್ದು ನಿಂತು, ಪಕ್ಷದಿಂದ ಮುಚ್ಚಿಡುವಂಥದ್ದು ತನ್ನಲ್ಲಿ ಏನೂ ಇರಬಾರದು, ಪೆಯಿ ಶೌಲಿ ತನ್ನ ಒಡಹುಟ್ಟಿದ ಅಣ್ಣ ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಅಣ್ಣ ಸತ್ತನೆಂಬುದೂ ಅವನು ಗೂಢಚಾರನೆಂಬುದೂ ಅವಳಿಗೆ ಒಟ್ಟಿಗೇ ತಿಳಿದದ್ದು, ಅದೂ ತನ್ನ ಬಾಯಿಂದ ಎಂದು ರುಯಿಚಿಗೆ ಆಗ ಅರ್ಥವಾಯಿತು. ಅಂದೇ ಅವಳನ್ನು ವಿಚಾರಣೆಗೆ ತುದಿಯ ಗುಹೆಗೆ ಕರೆದೊಯ್ದರು. ಗೂಢಚಾರನ ತಂಗಿ ಸುಮ್ಮನೆ ಬರುತ್ತಾಳೆಯೇ? ಅಣ್ಣನ ಕೆಲಸವನ್ನು ಮುಂದುವರಿಸಲೆಂದೇ ಬಂದಿರಬೇಕು, ಬಿಚ್ಚಿ ಹೇಳಲಿ.

ರಾಟೆಯ ಮುಂದೆ ಕೂತಿದ್ದವನ ಹೆಗಲ ಮೇಲೆ ಕೈ ಬಿತ್ತು. ಡುವಾನ್. ಇಂದು ವಾನ್ಯಿಯನ್ನು ಸಭೆಗೆ ತರುತ್ತಿದ್ದೇವೆ, ಹುಡುಗಿ ಗಟ್ಟಿ, ಇನ್ನೂ ಬಾಯಿ ಬಿಟ್ಟಿಲ್ಲ, ನೀನು ಎದ್ದು ಒಂದೆರಡು ಮಾತು ಹೇಳಿ ಅವಳಿಗೆ ಸಹಾಯ ಮಾಡಬೇಕು ಎಂದ. ರುಯಿಚಿ ಆಗಲಿ ಎಂದ. ಇಷ್ಟು ಸಲೀಸಾಗಿ ಅದು ಬಾಯಿಂದ ಹೊರಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು. ಆದರೆ ಡುವಾನ್‌ನ ಹಿಂದೆ ಇಳಿಜಾರಿನಲ್ಲಿ ನಡೆಯುತ್ತ ಅವನು ಒಂದು ನಿರ್ಧಾರ ಮಾಡಿದ. ಏಳುತ್ತೇನೆ. ಎದ್ದು, ಹೇಳಿದ್ದೆಲ್ಲ ಸುಳ್ಳು ಅನ್ನುತ್ತೇನೆ. ಅವಳನ್ನು ಬಿಟ್ಟುಬಿಡಲೇಬೇಕಾಗುತ್ತದೆ. ತನ್ನ ಗತಿ? ಒಪ್ಪಿಕೊಂಡು ಹಿಂತೆಗೆದುಕೊಂಡವನನ್ನು ತಿರುಗಿಬಿದ್ದವನು ಎನ್ನುತ್ತಿದ್ದರು. ಒಪ್ಪದೇ ಉಳಿದವನಿಗಿಂತ ಅವನು ಕಡೆ. ನಕ್ಷೆ ಬಿಡಿಸುತ್ತಿದ್ದ ಒಬ್ಬ ಹಾಗೆ ಮಾಡಿದ್ದ. ಅವನನ್ನು ನದಿಯಾಚೆಯ ಗುಹೆಗೆ ಕಳಿಸಿದರು. ಈಗ ಅವನ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ದಾರಿಯಲ್ಲಿ ಮೆಣಸಿನ ಮಡಿಗೆ ನೀರು ಹಾಯಿಸುತ್ತಿದ್ದ ಹೆಂಗಸೊಬ್ಬಳು ರುಯಿಚಿಯ ಹೂವನ್ನು ನೋಡಿ, ಮದುವೆಯಾ ಎಂದು ಕೇಳಿದಳು. ಡುವಾನ್ ನಕ್ಕ. ರುಯಿಚಿಯೂ ನಕ್ಕ, ನಕ್ಕದ್ದಕ್ಕೆ ತನ್ನನ್ನೇ ಬೈದುಕೊಂಡ.

ಸಭೆಯ ಚಪ್ಪರದಲ್ಲಿ ಜನ ತುಂಬಿದ್ದರು. ವಾನ್ಯಿಯನ್ನು ಕರೆತಂದು ಮುಂದೆ ನಿಲ್ಲಿಸಿದರು. ಮುಖ ಬತ್ತಿತ್ತು, ಕೂದಲನ್ನು ಮಾತ್ರ ನೀರು ಹಚ್ಚಿ ನೀಟಾಗಿ ಬಾಚಿಕೊಂಡಿದ್ದಳು.  ಡುವಾನ್ ತನ್ನ ಹೆಸರು ಕರೆದ ಕೂಡಲೇ ಎದ್ದುಬಿಡಬೇಕು, ಮೊದಲ ವಾಕ್ಯ ಚಿಕ್ಕದಾಗಿರಬೇಕು, ಯಾರಾದರೂ ಬಾಯಿ ಹಾಕುವುದರೊಳಗೆ ಶೌಲಿಯ ಹೆಸರು ಬಂದಿರಬೇಕು ಎಂದೆಲ್ಲ ರುಯಿಚಿ ಲೆಕ್ಕ ಹಾಕುತ್ತಿದ್ದ. ಆದರೆ ಡುವಾನ್ ಬಾಯಿ ತೆರೆಯುವ ಮೊದಲೇ ವಾನ್ಯಿ ಮಾತಾಡತೊಡಗಿದಳು. ಪಾಠ ಒಪ್ಪಿಸುವ ಧ್ವನಿಯಲ್ಲ, ಯೋಚಿಸಿ ಯೋಚಿಸಿ ಆಡುವ ಮಾತು. ತನ್ನ ಅಣ್ಣ ಪಕ್ಷದ ಶತ್ರು. ಅದನ್ನು ಕಾಣದಂತೆ ಪ್ರೀತಿ ತನ್ನ ಕಣ್ಣು ಕಟ್ಟಿತ್ತು. ಅವನೇ ಓದಲು ಕೊಟ್ಟ ಪುಸ್ತಕಗಳಿಂದ ತಾನು ಈ ದಾರಿ ಹಿಡಿದದ್ದು; ಅಂದರೆ ತನ್ನನ್ನು ಇಲ್ಲಿಗೆ ಕಳಿಸಿದ್ದೂ ಶತ್ರುವೇ ಎಂದಾಯಿತು. ತನಗೆ ಗೊತ್ತಿಲ್ಲದೆ ತಾನು ಅವರ ಕೆಲಸಕ್ಕೇ ಬಂದವಳು. ಇಂಥ ಅಣ್ಣನಿಗಾಗಿ ಇನ್ನು ಅಳುವುದಿಲ್ಲ. ಚಪ್ಪರ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಡುವಾನ್‌ನ ಕಣ್ಣಲ್ಲಿ ನೀರಾಡಿತು, ನಿಜವಾದ ನೀರು. ರುಯಿಚಿ ಅರ್ಧ ಎದ್ದವನು ಹಾಗೆಯೇ ನಿಂತಿದ್ದ. ಅವಳನ್ನು ಅಭಿನಂದಿಸಲು ಎದ್ದಿದ್ದಾನೆಂದುಕೊಂಡು ಪಕ್ಕದವರೂ ಎದ್ದು ನಿಂತರು. ಅವಳ ಎದೆಗೂ ಹೂವು ಬಂತು. ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕಳಿಸಿ, ಸಭೆ ಮುಂದಿನವನ ಕಡೆ ತಿರುಗಿತು.

ಸಣ್ಣ ಅಡುಗೆಮನೆ ಚಪ್ಪರದ ಹಿಂಬದಿಗೇ ಅಂಟಿಕೊಂಡಿತ್ತು. ನಡುವೆ ಒಂದು ಮಣ್ಣಿನ ಗೋಡೆ, ಅದಕ್ಕೊಂದು ಕಾಗದ ಅಂಟಿಸಿದ ಕಿಟಕಿ; ಆಚೆಯ ಮಾತೆಲ್ಲ ಈಚೆಗೆ ಕೇಳಿಸುತ್ತಿತ್ತು. ತಿಯಾನ್ ಮುದುಕ ಎರಡು ಬಟ್ಟಲು ಶಾವಿಗೆಯಿಟ್ಟು, ಹುಡುಗಿಯ ಬಟ್ಟಲಿಗೆ ಇನ್ನೊಂದು ಚಮಚ ವಿನೆಗರ್ ಸುರಿದು, ಒಲೆಯ ಕಡೆ ತಿರುಗಿ ಕೂತ. ಈಗ ರುಯಿಚಿ ಏನು ಮಾಡಬೇಕು? ಹಿಂತೆಗೆದುಕೊಂಡರೆ ಅವಳ ಒಪ್ಪಿಗೆಯೂ ಬಿದ್ದುಹೋಗುತ್ತದೆ, ಅವಳನ್ನು ಮತ್ತೆ ತುದಿಯ ಗುಹೆಗೆ ದೂಡಿದಂತಾಗುತ್ತದೆ. ಹಾಗಾದರೆ ಸುಮ್ಮನಿರುವುದೇ ಅವಳಿಗೆ ಮಾಡುವ ಉಪಕಾರ. ಈ ತರ್ಕ ಎಷ್ಟು ಬೇಗ ತಯಾರಾಯಿತು ಎಂದು ಯೋಚಿಸುವಾಗಲೇ ಅವನ ಕೈ ಊಟದ ಕಡ್ಡಿಗಳನ್ನು ಎತ್ತಿಕೊಂಡಿತ್ತು. ಹಸಿವಾಗಿತ್ತು. ಹಸಿವಾಗಿದೆಯೆಂದು ಗೊತ್ತಾಗಿ ಅಸಹ್ಯವಾಯಿತು.

ವಾನ್ಯಿ ಬಟ್ಟಲನ್ನು ಮುಟ್ಟಿರಲಿಲ್ಲ.

"ಅವನು ಸಾಯೋವಾಗ ನೀವು ಹತ್ರ ಇದ್ರಿ ಅಲ್ವಾ, ಕಾಮ್ರೇಡ್?"

ಇದ್ದೆನೆಂದ.

"ನೀರು ಕೇಳಿದ್ನಾ?"

ಕೇಳಿದ, ಕುಡಿಸಿದೆ ಎಂದ. ಅದು ನಿಜ. ಇಷ್ಟು ದಿನಗಳಲ್ಲಿ ತಾನು ಹೇಳಿದ ಮೊದಲ ನಿಜ ಅದಾಗಿರಬಹುದು ಎನಿಸಿತು. ಅವಳು ತಲೆಯಾಡಿಸಿದಳು. ಮೊದಲು ತಾನು ನಂಬಲಿಲ್ಲವಂತೆ. ಆಮೇಲೆ ಗುಹೆಯಲ್ಲಿ ಒಬ್ಬಳೇ ಕೂತು, ಅಣ್ಣನ ಒಂದೊಂದೇ ನೆನಪನ್ನು ಹೊರತೆಗೆದು ತಿರುವಿ ನೋಡಿದಳಂತೆ. ಅವನು ಬಾಗಿಲು ಹಾಕಿಕೊಂಡು ಓದುತ್ತಿದ್ದದ್ದು, ಇದ್ದಕ್ಕಿದ್ದಂತೆ ಊರು ಬಿಟ್ಟು ಹೋಗಿ ವಾರಗಟ್ಟಲೆ ಬಾರದಿದ್ದದ್ದು, ಒಮ್ಮೆ ಅವಳಿಗೆ ಹೊಸ ಬೂಟು ತಂದುಕೊಟ್ಟು ದುಡ್ಡೆಲ್ಲಿಂದ ಬಂತೆಂದು ಹೇಳದಿದ್ದದ್ದು. ಎಲ್ಲವೂ ಬೇರೆಯಾಗಿ ಕಾಣತೊಡಗಿತಂತೆ. ಪಕ್ಷ ತಪ್ಪು ಹೇಳಲಾರದು; ರುಯಿಚಿಗಂತೂ ಅವನ ಹೆಸರು ಹೇಳಿ ಆಗಬೇಕಾದದ್ದೇನಿದೆ. ಹೀಗೆಂದವಳು ತಲೆಯೆತ್ತಿದಳು.

"ಆದ್ರೂ ಒಂದು ಮಾತು ಕೇಳ್ತೀನಿ. ಅಲ್ಲಿ ಒಪ್ಕೊಂಡಾಯ್ತು, ಇದು ನಂಗೋಸ್ಕರ ಅಷ್ಟೇ. ಅವನು ನಿಜವಾಗ್ಲೂ ಅಂಥವನಾ, ಅಣ್ಣಾ?"

ಅಣ್ಣಾ ಎಂದು ಅವಳು ಅವನನ್ನು ಯಾವತ್ತೂ ಕರೆದಿರಲಿಲ್ಲ. ಒಲೆಯಲ್ಲಿ ಸೌದೆ ಚಟ್ಟೆಂದಿತು. ಮುದುಕ ತಿರುಗಿ ನೋಡಲಿಲ್ಲ. ಹೌದು ಎಂದರೆ ಅವಳಿಗೆ ಹೂವು ಉಳಿಯುತ್ತದೆ, ತನಗೂ ಉಳಿಯುತ್ತದೆ. ಹೌದು ಎನ್ನಲೆಂದೇ ರುಯಿಚಿ ಬಾಯಿ ತೆರೆದದ್ದು.

"ಅಲ್ಲ" ಎಂದ. "ಅವನು ಅಂಥವನಲ್ಲ. ನಾನೂ ಅಲ್ಲ. ಹೆಸರು ಕೇಳ್ತಾನೇ ಇದ್ರು. ಅವನು ಸತ್ತುಹೋಗಿದ್ನಲ್ಲ, ಅದಕ್ಕೇ."

 ಅವಳು ಹೊಡೆಯಬಹುದು ಎಂದುಕೊಂಡ, ಹೊಡೆದಿದ್ದರೆ ಚೆನ್ನಾಗಿತ್ತು.

"ಅವನನ್ನ ದ್ವೇಷ ಮಾಡೋದು ಕಲಿಯೋಕೆ ನಂಗೆ ಎಷ್ಟು ಕಷ್ಟ ಆಯ್ತು ಗೊತ್ತಾ ನಿಮಗೆ?" ಎಂದಳು. ಧ್ವನಿ ಏರಲಿಲ್ಲ. "ಇವತ್ತು ಬೆಳಿಗ್ಗೆ ಅಷ್ಟೇ ಕೈಗೂಡ್ತು."

ಆಮೇಲೆ ಎದ್ದಳು. ಬನ್ನಿ, ಒಳಗೆ ಹೋಗಿ ಇಬ್ಬರೂ ಹೇಳೋಣ ಎಂದಳು. ರುಯಿಚಿ ತಗ್ಗಿದ ದನಿಯಲ್ಲಿ ಒಂದೇ ಸಮ ಮಾತಾಡತೊಡಗಿದ. ಈಗಲೇ ಬೇಡ, ತುಂಬಿದ ಸಭೆಯಲ್ಲಿ ಬೇಡ, ಸಂಜೆ ಡುವಾನ್ ಒಬ್ಬನೇ ಇರುವಾಗ ತಾನು ಹೋಗಿ ನಿಧಾನವಾಗಿ ತಿಳಿಸಿ ಹೇಳುತ್ತೇನೆ, ಅವಳಿಗೂ ಅದೇ ಒಳ್ಳೆಯದು, ತಿರುಗಿಬಿದ್ದವರ ಗತಿ ಅವಳಿಗೆ ಗೊತ್ತಿಲ್ಲ. ಮಾತು ಸರಾಗವಾಗಿ ಬರುತ್ತಿತ್ತು. ಈ ವರ್ಷವಿಡೀ ಕಲಿತದ್ದು ಅದನ್ನೇ ಅಲ್ಲವೇ. ಅವಳು ಬಾಗಿಲ ಬಳಿ ನಿಂತು ಅವನು ಮುಗಿಸುವವರೆಗೂ ಕಾದಳು. ಅವನು ಏಳುವುದಿಲ್ಲವೆಂದು ಖಚಿತವಾದ ಮೇಲೆ ಒಬ್ಬಳೇ ಹೋದಳು.

ಕಾಗದದ ಕಿಟಕಿಯಾಚೆ ಗದ್ದಲ ನಿಂತದ್ದು ಕೇಳಿಸಿತು. ಅವಳ ದನಿ, ಚಿಕ್ಕದಾಗಿ, ಸ್ಪಷ್ಟವಾಗಿ: ತಾನು ಆಗ ಹೇಳಿದ್ದು ತಪ್ಪು, ತನ್ನ ಅಣ್ಣ ಗೂಢಚಾರನಲ್ಲ. ಒಮ್ಮೆಗೇ ಕೂಗು ಎದ್ದಿತು. ಡುವಾನ್ ಕೆಮ್ಮಿ ಎಲ್ಲರನ್ನೂ ಸುಮ್ಮನಾಗಿಸಿದ. ಮಗಳನ್ನು ಕೇಳುವ ಹಾಗೆ ಕೇಳಿದ.

"ಈಗಷ್ಟೇ ಒಪ್ಕೊಂಡು ಹೋದೆಯಲ್ಲಮ್ಮ. ಅಷ್ಟರಲ್ಲಿ ಏನಾಯ್ತು? ಹಾಗಂತ ಯಾರು ಹೇಳಿದ್ರು ನಿಂಗೆ?"

ರುಯಿಚಿ ಕಡ್ಡಿಗಳನ್ನು ಕೆಳಗಿಟ್ಟ. ಅವಳ ಜೊತೆ ಇಲ್ಲಿ ಕೂತಿದ್ದವನು ತಾನೊಬ್ಬನೇ. ಈಗ ತನ್ನ ಹೆಸರು ಬರುತ್ತದೆ. ಹೆಸರು ಹೇಳು, ಹೆಸರು ಹೇಳು ಎಂದು ಸಭೆ ಒಂದೇ ತಾಳದಲ್ಲಿ ಕೂಗತೊಡಗಿತು. ಆ ತಾಳ ಅವನಿಗೆ ಚೆನ್ನಾಗಿ ಗೊತ್ತು, ಕಾಲಿನ ಕೆಳಗಿನ ನೆಲ ಸರಿಯುವುದು ಅದರಲ್ಲೇ. ಅವಳು ಹೇಳಲಿ ಎಂದು ಅವನಿಗೆ ಒಮ್ಮೆ ಅನ್ನಿಸಿತು, ಹೇಳಿಬಿಟ್ಟರೆ ತಾನು ಏನೂ ಮಾಡಬೇಕಾಗಿಲ್ಲ. ಹೇಳದಿರಲಿ ಎಂದೂ ಅಷ್ಟೇ ಜೋರಾಗಿ ಅನ್ನಿಸಿತು. ಹೆಸರು ಬರಲಿಲ್ಲ. ಕೂಗು ಏರಿತು, ಬೆಂಚು ತಟ್ಟುವ ಸದ್ದು ಸೇರಿಕೊಂಡಿತು, ಹೆಸರು ಬರಲಿಲ್ಲ. ತಿಯಾನ್ ಮುದುಕ ಎದ್ದು ಬಂದು ವಾನ್ಯಿಯ ಮುಟ್ಟದ ಬಟ್ಟಲನ್ನು ನೋಡಿದ, ರುಯಿಚಿಯ ಅರ್ಧ ತಿಂದ ಬಟ್ಟಲನ್ನು ನೋಡಿದ.

"ತಿನ್ನೋದಾದ್ರೆ ತಿನ್ನಪ್ಪ, ಹೋಗೋದಾದ್ರೆ ಹೋಗು" ಎಂದ. "ನಂಗೆ ಬಟ್ಲು ತೊಳೀಬೇಕು."

ಆಗ ಅವಳ ದನಿ ಕೇಳಿಸಿತು.

"ನಮ್ಮಣ್ಣ ಹೇಳ್ದ."

"ಯಾವ ಅಣ್ಣ?"

"ನಂಗಿರೋದು ಒಬ್ನೇ. ಪೆಯಿ ಶೌಲಿ."

ಯಾರೋ ನಕ್ಕರು. ಹುಡುಗಿಗೆ ತಲೆ ಕೆಟ್ಟಿದೆ ಎಂದು ಇನ್ನಾರೋ ಅಂದರು.  ರುಯಿಚಿ ತನ್ನನ್ನು ಉಳಿಸಿಕೊಳ್ಳಲು ಹೇಳಿದ ಹೆಸರನ್ನೇ ಅವಳು ಅವನನ್ನು ಉಳಿಸಲು ಹೇಳಿದ್ದಳು. ಎದ್ದದ್ದು, ಬಾಗಿಲು ದಾಟಿದ್ದು, ಚಪ್ಪರದ ಪಕ್ಕದಿಂದ ಸುತ್ತಿ ಬಂದದ್ದು ಅವನಿಗೆ ಆಮೇಲೆ ನೆನಪಾಗಲಿಲ್ಲ. ಬಾಯಲ್ಲಿ ವಿನೆಗರಿನ ಹುಳಿ ಹಾಗೇ ಇತ್ತು. ಬಾಗಿಲಲ್ಲಿ ಕಾವಲಿದ್ದವನು ಅವನನ್ನು ನೋಡಿ ಸಮಾಧಾನಗೊಂಡು ದಾರಿ ಬಿಟ್ಟ; ನೀವೇ ಅವಳಿಗೆ ನಾಲ್ಕು ಮಾತು ಬುದ್ಧಿ ಹೇಳಿ, ಕಾಮ್ರೇಡ್ ಎಂದ. ಒಳಗಿದ್ದವರೂ ಹಾಗೆಯೇ ತಿಳಿದರು. ಡುವಾನ್ ಮುಖವರಳಿಸಿ ಕೈ ಬೀಸಿ ಕರೆದ. ವಾನ್ಯಿ ಅವನನ್ನು ನೋಡಿದಳು. ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳೋ ಅಥವಾ ಅವನಿಗೆ ಹಾಗೆ ಕಂಡಿತೋ. ಅವನು ಅವಳ ಪಕ್ಕಕ್ಕೆ ಹೋಗಿ ನಿಂತ. ಮೊದಲ ವಾಕ್ಯ ಚಿಕ್ಕದಾಗಿರಬೇಕು ಎಂಬುದು ಮರೆತೇಹೋಗಿತ್ತು.

"ಪೆಯಿ ಶೌಲಿ ಗೂಢಚಾರ ಅಲ್ಲ. ಇಲ್ಲಿಗೆ ಬರಬೇಕು ಅಂತ ನನ್ನ ಜೊತೆ ಹೊರಟ, ದಾರೀಲಿ ಜ್ವರ ಬಂದು ಸತ್ತ. ತನ್ನ ಹೆಸರನ್ನೂ ನಿಮಗೆ ಹೇಳು ಅಂದಿದ್ದ. ನಾನು ಆಗ ಹೇಳ್ಲಿಲ್ಲ. ನಂಗೆ ಭಯ ಆದಾಗ ಹೇಳ್ದೆ. ಇವಳಿಗೆ ಈಗ ಇದನ್ನೆಲ್ಲ ಹೇಳಿದ್ದು ನಾನು."

ಅವನು ನಿಲ್ಲಿಸಿದ. ತಪ್ಪೊಪ್ಪಿಕೊಂಡವನು ಮಾತು ಮುಗಿಸಿದನೆಂದುಕೊಂಡು, ಮುಂದಿನ ಸಾಲಿನವರು ರೂಢಿಯಂತೆ ಚಪ್ಪಾಳೆ ತಟ್ಟಿದರು.